ಇಲಿ ಜ್ವರ: ರಕ್ತದ ರಿಪೋರ್ಟ್ ಓದೋದು ಹೇಗೆ?

ನಾಟಿ ಶುರುವಾಗಿದೆ. ಕೆಸರು ಗದ್ದೆಗೆ, ತೋಟದ ಬಸಿಗಾಲುವೆಗೆ ನಮ್ಮಲ್ಲಿ ಹೆಚ್ಚಿನವರು ಇಳಿಯೋದು ಬರಿಗಾಲಲ್ಲೇ. ಈ ದಿನಗಳಲ್ಲಿ ಜ್ವರ ಬಂದರೆ ‘ಮಳೇಲಿ ನೆನೆದದ್ದಕ್ಕೆ’ ಅಂತ ಮಾತ್ರೆ ನುಂಗಿ ಸುಮ್ಮನಾಗ್ತೇವೆ. ಅದು ಇಲಿ ಜ್ವರವೂ ಆಗಿರಬಹುದು. ಹಾಗಾಗಿ ಈ ವಾರ ಬೆಳೆ ರೋಗ ಬಿಟ್ಟು, ಬೆಳೆಯುವವರ ರೋಗದ ಬಗ್ಗೆ ಬರೀತಿದ್ದೇನೆ.

ಹೆಸರು ಬಿಡಿಸಿ ನೋಡಿ

ವೈದ್ಯರು ಇದನ್ನು ಲೆಪ್ಟೊಸ್ಪೈರೋಸಿಸ್ ಅಂತ ಬರೀತಾರೆ. ಗ್ರೀಕ್ ಭಾಷೆಯಲ್ಲಿ ‘ಲೆಪ್ಟೊ’ ಅಂದ್ರೆ ತೆಳ್ಳಗೆ, ‘ಸ್ಪೈರಾ’ ಅಂದ್ರೆ ಸುರುಳಿ. ಸ್ಪ್ರಿಂಗಿನಂಥ ತೆಳ್ಳನೆಯ ಬ್ಯಾಕ್ಟೀರಿಯಾ ಇದು. ಇಲಿ, ದನ, ಹಂದಿ, ನಾಯಿಗಳ ಮೂತ್ರದಿಂದ ನೀರಿಗೆ, ಮಣ್ಣಿಗೆ ಸೇರುತ್ತದೆ. ಕಾಲಿನ ಗಾಯ, ಬಿರುಕು ಅಥವಾ ಕಣ್ಣು, ಬಾಯಿಯ ಮೂಲಕ ನಮ್ಮ ಮೈಗೆ ಬರುತ್ತದೆ.

ಹಸು ಕಟ್ಟಿದವರಿಗೆ ಮಾಸ್ಟೈಟಿಸ್ ಗೊತ್ತೇ ಇದೆ, ಕೆಚ್ಚಲು ಬಾವು. ‘ಐಟಿಸ್’ ಅಂದ್ರೆ ಉರಿಯೂತ. ಅದೇ ಲೆಕ್ಕದಲ್ಲಿ ಹೆಪಟೈಟಿಸ್ ಯಕೃತ್ತಿನ ಉರಿಯೂತ, ನೆಫ್ರೈಟಿಸ್ ಮೂತ್ರಪಿಂಡದ್ದು. ‘ಪೀನಿಯ’ ಅಂದ್ರೆ ಕೊರತೆ. ಥ್ರಾಂಬೊಸೈಟೊಪೀನಿಯ ಅಂತ ಇದ್ದರೆ ಪ್ಲೇಟ್‌ಲೆಟ್ ಕಡಿಮೆ ಆಗಿದೆ ಅಂತ ಅರ್ಥ. ಡೆಂಗಿಯಲ್ಲೂ ಹೀಗಾಗುವುದರಿಂದ ಇದೊಂದನ್ನೇ ನೋಡಿ ರೋಗ ತೀರ್ಮಾನಿಸೋಕೆ ಆಗಲ್ಲ.

ರಿಪೋರ್ಟಿನಲ್ಲಿ ಇನ್ನೆರಡು ಪದ ಗಮನಿಸಿ. ಬಿಲಿರುಬಿನ್ ಏರಿದರೆ ಕಾಮಾಲೆ. ಕ್ರಿಯಾಟಿನಿನ್ ಏರಿದರೆ ಮೂತ್ರಪಿಂಡ ಸೋಲುತ್ತಿರಬಹುದು. ಇಲಿ ಜ್ವರದಲ್ಲಿ ಇವೆರಡೂ ಒಟ್ಟಿಗೆ ಕೆಟ್ಟರೆ ಅದಕ್ಕೆ ವೈಲ್ ಕಾಯಿಲೆ ಅನ್ನುತ್ತಾರೆ. 1886ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಅಡಾಲ್ಫ್ ವೈಲ್ ಅವರ ಹೆಸರು ಅದು. ಈ ಹಂತ ಪ್ರಾಣಕ್ಕೇ ಅಪಾಯ.

‘ನೆಗೆಟಿವ್’ ಅಂದ್ರೆ ಏನು?

ಇದೇ ಇವತ್ತಿನ ಮುಖ್ಯ ಪಾಠ. ಬಾಳೆಯ ಅಂಗಾಂಶ ಕೃಷಿ ಸಸಿಗಳಿಗೆ ಎಲೈಸಾ ಪರೀಕ್ಷೆ ಮಾಡ್ತಾರಲ್ಲ, ಅದು ಎಲೆಯಲ್ಲಿ ವೈರಸ್ಸನ್ನೇ ಹುಡುಕುತ್ತದೆ. ಮನುಷ್ಯರ ಐಜಿಎಂ ಎಲೈಸಾ ಹಾಗಲ್ಲ. ಅದು ಹುಡುಕುವುದು ರೋಗಾಣುವನ್ನಲ್ಲ, ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯವನ್ನು. ಅದು ತಯಾರಾಗಲು ಜ್ವರ ಶುರುವಾದ ಮೇಲೆ 3ರಿಂದ 10 ದಿನ ಬೇಕು.

ಹಾಗಾಗಿ ಎರಡನೇ ದಿನ ರಕ್ತ ಕೊಟ್ಟು ನೆಗೆಟಿವ್ ಬಂದರೆ ‘ರೋಗ ಇಲ್ಲ’ ಅಂತಲ್ಲ, ‘ಇನ್ನೂ ಕಾಣಿಸುತ್ತಿಲ್ಲ’ ಅಂತಲೂ ಇರಬಹುದು. ಮೊದಲ ವಾರದಲ್ಲಿ ರಕ್ತದ ಪಿಸಿಆರ್ ಹೆಚ್ಚು ಉಪಯುಕ್ತ, ಯಾಕಂದ್ರೆ ಅದು ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ಹುಡುಕುತ್ತದೆ. ಎಲೈಸಾವನ್ನು 7ರಿಂದ 14 ದಿನ ಬಿಟ್ಟು ಮತ್ತೆ ಮಾಡಿಸಬೇಕಾಗಬಹುದು. ಆದರೆ ರಿಪೋರ್ಟಿಗಾಗಿ ಚಿಕಿತ್ಸೆ ಕಾಯಬಾರದು. ಅನುಮಾನ ಬಲವಾಗಿದ್ದರೆ ವೈದ್ಯರು ಮೊದಲೇ ಆಂಟಿಬಯೋಟಿಕ್ ಶುರು ಮಾಡ್ತಾರೆ. ಆ ಅನುಮಾನ ಅವರಿಗೆ ಬರಬೇಕಾದರೆ ನೀವು ಮಾಡುವ ಕೆಲಸ ಅವರಿಗೆ ಗೊತ್ತಿರಬೇಕು.

ಮೊಬೈಲಿನಲ್ಲಿ ಬರೆದಿಟ್ಟು ವೈದ್ಯರಿಗೆ ಹೇಳಿ

1. ಜ್ವರ ಶುರುವಾದ ತಾರೀಖು.
2. ಕಳೆದ ಒಂದು ತಿಂಗಳಲ್ಲಿ ಕೆಸರು, ನಿಂತ ನೀರು, ಕೊಟ್ಟಿಗೆ ಕೆಲಸ ಮಾಡಿದ್ದೀರಾ? ಕಾಲಲ್ಲಿ ಗಾಯ ಇತ್ತಾ?
3. ಮೀನಖಂಡ, ಸೊಂಟದಲ್ಲಿ ಜೋರು ನೋವು ಇದೆಯಾ? ಗೀಜಿಲ್ಲದೆ ಕಣ್ಣು ಕೆಂಪಾಗಿದೆಯಾ?
4. ಮೂತ್ರ ಕಡಿಮೆಯಾಗಿದೆಯಾ? ಕಣ್ಣು ಹಳದಿಯಾಗಿದೆಯಾ? ಉಸಿರಾಟ ಕಷ್ಟವಾ? ಕೆಮ್ಮಿದಾಗ ರಕ್ತ ಬರ್ತಿದೆಯಾ? ಇವುಗಳಲ್ಲಿ ಒಂದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೊರಡಿ.

ಗದ್ದೆಗೆ ಇಳಿಯುವಾಗ ಗಂಬೂಟ್ ಹಾಕಿ, ಗಾಯಕ್ಕೆ ನೀರು ತಾಗದಂತೆ ಪಟ್ಟಿ ಕಟ್ಟಿ. ಸಾವಯವ ಕೃಷಿ ಮಾಡೋ ನನ್ನಂಥವರು ಕೊಟ್ಟಿಗೆ ಗೊಬ್ಬರ ಮುಟ್ಟುವಾಗ ಕೈಗವಸು ಮರೀಬಾರದು. ಕೆಲಸಕ್ಕೆ ಬರುವವರಿಗೂ ಬೂಟು ಕೊಡಿಸಿ, ಅವರ ಕಾಲೂ ಅದೇ ಕೆಸರಲ್ಲಿರುತ್ತೆ.