ಡಿಲೀಟ್ ಒತ್ತುವ ಮುನ್ನ: ಮೊಬೈಲ್ ಸಂದೇಶ, ಖಾಸಗಿತನ ಮತ್ತು ಕಾನೂನು

ದಾವಣಗೆರೆ ಜಿಲ್ಲೆಯ ಚನ್ನಗಿರಿ ಸೀಮೆಯಲ್ಲಿ ರಾಶಿ ಅಡಿಕೆಯ ದರ ಎಷ್ಟಾಯಿತು ಎಂದು ತಿಳಿಯಲು ಈಗ ಬೆಳೆಗಾರರು ನೋಡುವುದು ವಾಟ್ಸ್‌ಆ್ಯಪ್ ಗ್ರೂಪನ್ನು. ಹೊನ್ನಾಳಿ, ನ್ಯಾಮತಿಯ ರೈತರಿಗೆ ಬೆಳೆ ವಿಮೆಯ ಹಣ ಜಮೆಯಾದ ಸುದ್ದಿ ಎಸ್‌ಎಂಎಸ್‌ನಲ್ಲಿ ಬರುತ್ತದೆ. ಜಗಳೂರಿನಿಂದ ದುಡಿಯಲು ಹೊರಟ ಮಕ್ಕಳು ಮನೆಗೆ ದುಡ್ಡು ಹಾಕುವುದೂ ಫೋನಿನಲ್ಲೇ. ಆಧಾರ್, ಪಡಿತರ, ಬ್ಯಾಂಕ್ ಪಾಸ್‌ಬುಕ್, ಗೃಹಲಕ್ಷ್ಮಿ, ಎಲ್ಲದರ ಒಟಿಪಿ ಬಂದು ಬೀಳುವ ಜಾಗವೂ ಅದೇ. ಎಷ್ಟೋ ಮನೆಗಳಲ್ಲಿ ಫೋನ್ ಒಂದು, ಅದನ್ನು ಹಿಡಿಯುವ ಕೈ ನಾಲ್ಕು, ಸಿಮ್ ಮಾತ್ರ ಇನ್ಯಾರದೋ ಹೆಸರಿನಲ್ಲಿ.

ಇಂಥ ಫೋನಿಗೆ ಕೆಟ್ಟ ಸಂದೇಶವೊಂದು ಬಂದಾಗ ಮನೆಯಲ್ಲಿ ಮೊದಲು ಕೇಳಿಬರುವ ಮಾತು, ‘ಡಿಲೀಟ್ ಮಾಡು, ಸುಮ್ಮನಿರು’. ಮರ್ಯಾದೆಗೆ ಅಂಜಿ ಆಡುವ ಮಾತು ಅದು. ಆದರೆ ಅಳಿಸಿದ ಸಂದೇಶದ ಜೊತೆಗೇ ದೂರಿನ ಬಲವೂ ಹೋಗುತ್ತದೆ. ಕಳಿಸಿದವನ ನಂಬರು, ದಿನಾಂಕ, ಸಮಯ ಉಳಿದಿದ್ದರೆ ಮಾತ್ರ ಪೊಲೀಸರಿಗೂ ಕೋರ್ಟಿಗೂ ಹಿಡಿಯಲು ಒಂದು ಎಳೆ ಸಿಗುತ್ತದೆ.

ಫೋನಿನೊಳಗಿನದು ನಮ್ಮದು ಎನ್ನುವುದಕ್ಕೆ ಸಂವಿಧಾನದ ಆಧಾರವಿದೆ. ಅದನ್ನು ಗಟ್ಟಿ ಮಾಡಿಸಿದವರು ಕರ್ನಾಟಕದ ಹಿರಿಯರೊಬ್ಬರು. ರಾಜ್ಯ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ ಎಂಬತ್ತರ ಹರೆಯದಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ 21ನೇ ವಿಧಿಯಡಿ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಪುಟ್ಟಸ್ವಾಮಿಯವರು 2024ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಇಂದು ದೇಶದ ಪ್ರತಿ ಖಾಸಗಿತನದ ಮೊಕದ್ದಮೆಯಲ್ಲೂ ಉಲ್ಲೇಖವಾಗುತ್ತದೆ.

ಈ ಹಕ್ಕನ್ನು ಕಾಪಾಡಿಕೊಳ್ಳುವುದನ್ನು ದಿನನಿತ್ಯದ ಕಾಟದಿಂದ ಶುರುಮಾಡಬಹುದು. ಸಾಲ ಕೊಡುತ್ತೇವೆ, ಸೈಟು ಮಾರುತ್ತೇವೆ ಎಂಬ ಕರೆ-ಸಂದೇಶಗಳನ್ನು ನಿಲ್ಲಿಸಲು 1909ಕ್ಕೆ ಕರೆ ಮಾಡಬೇಕು, ಇಲ್ಲವೇ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್ 0’ ಎಂದು ಅದೇ ನಂಬರಿಗೆ ಎಸ್‌ಎಂಎಸ್ ಕಳಿಸಬೇಕು. ಇದೇ ಡಿಎನ್‌ಡಿ (ಡು ನಾಟ್ ಡಿಸ್ಟರ್ಬ್). ಬ್ಯಾಂಕಿನ ಒಟಿಪಿ, ಸರ್ಕಾರದ ಸೂಚನೆಗಳು ಇದರಿಂದ ನಿಲ್ಲುವುದಿಲ್ಲ. ಸಂದೇಶ ಕಳಿಸಿದವರ ಹೆಸರಿನ ತುದಿಯಲ್ಲಿ ಅಡ್ಡಗೆರೆಯ ನಂತರ ಒಂದು ಅಕ್ಷರವಿರುತ್ತದೆ: ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ಹಣಕಾಸು ವಹಿವಾಟು, ಜಿ ಇದ್ದರೆ ಸರ್ಕಾರ. ಹತ್ತಂಕಿಯ ಸಾಮಾನ್ಯ ನಂಬರಿನಿಂದ ‘ನಿಮ್ಮ ಖಾತೆ ಬಂದ್ ಆಗಲಿದೆ’ ಎಂದು ಬಂದರೆ ಅದು ಬ್ಯಾಂಕಿನದಲ್ಲ ಎಂದೇ ತಿಳಿಯಬೇಕು.

ಡಿಎನ್‌ಡಿ ಮಾಡಿಸಿದ ಮೇಲೂ ಕಾಟ ನಿಲ್ಲದಿದ್ದರೆ ಏಳು ದಿನದೊಳಗೆ 1909ಕ್ಕೆ ಅಥವಾ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಬಹುದು. ಟ್ರಾಯ್ ನಿಯಮಗಳ 2025ರ ಫೆಬ್ರುವರಿಯ ತಿದ್ದುಪಡಿಗೆ ಮುನ್ನ ಈ ಗಡುವು ಮೂರೇ ದಿನವಿತ್ತು. ನೋಂದಣಿ ಇಲ್ಲದೆ ಜಾಹೀರಾತು ಕಳಿಸುವವರ ವಿರುದ್ಧವಾದರೆ, ಡಿಎನ್‌ಡಿ ಮಾಡಿಸದವರೂ ದೂರು ಕೊಡಬಹುದು. ಹತ್ತು ದಿನದಲ್ಲಿ ಐದು ದೂರು ಬಿದ್ದರೆ ಆ ನಂಬರಿನ ಮೇಲೆ ಕ್ರಮ ಶುರುವಾಗುತ್ತದೆ. ಇಲ್ಲೂ ಬೇಕಾಗುವುದು ಅಳಿಸದೆ ಉಳಿಸಿದ ಸಂದೇಶವೇ. ವಾಟ್ಸ್‌ಆ್ಯಪ್‌ಗೆ ಮಾತ್ರ ಈ ನಿಯಮ ಅನ್ವಯಿಸದು. ಅಲ್ಲಿ ಬಂದ ಮೋಸದ ಸಂದೇಶವನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ‘ಸಂಚಾರ ಸಾಥಿ’ಯ ‘ಚಕ್ಷು’ ವಿಭಾಗದಲ್ಲಿ ವರದಿ ಮಾಡಬೇಕು.

ಇನ್ನು ಧ್ವನಿ. ವಿದೇಶಗಳಲ್ಲಿ ಕರೆ ಸ್ವೀಕರಿಸದಿದ್ದರೆ ಮಾತು ವಾಯ್ಸ್‌ಮೇಲ್‌ನಲ್ಲಿ ಕೂರುತ್ತದೆ. ಅದಕ್ಕೆ ಕಂಪನಿ ಕೊಟ್ಟ 0000 ಅಥವಾ 1234ರಂಥ ಪಿನ್ ಬದಲಿಸದವರ ವಾಟ್ಸ್‌ಆ್ಯಪ್ ಖಾತೆಗಳನ್ನು ಕಳ್ಳರು ಕಸಿದುಕೊಳ್ಳುತ್ತಿದ್ದಾರೆ ಎಂದು 2018ರಲ್ಲಿ ಇಸ್ರೇಲ್‌ನ ಸೈಬರ್ ಸಂಸ್ಥೆ ಎಚ್ಚರಿಸಿತ್ತು. ವಾಟ್ಸ್‌ಆ್ಯಪ್ ಕೋಡನ್ನು ಕರೆಯ ಮೂಲಕ ಪಡೆಯುವ ಅವಕಾಶವಿದೆ. ಅಪರಾತ್ರಿಯ ಆ ಕರೆಯನ್ನು ಯಾರೂ ಎತ್ತದಿದ್ದರೆ ಕೋಡು ವಾಯ್ಸ್‌ಮೇಲ್‌ಗೆ ಬಿದ್ದು, ಸುಲಭದ ಪಿನ್ ಒತ್ತಿದವನ ಪಾಲಾಗುತ್ತದೆ. ಹೊರದೇಶದಲ್ಲಿರುವ ಮಕ್ಕಳು ಮೊದಲು ಆ ಪಿನ್ ಬದಲಿಸಬೇಕು, ಬಳಸದ ವಾಯ್ಸ್‌ಮೇಲ್ ಇದ್ದರೆ ಬಂದ್ ಮಾಡಿಸಬೇಕು.

ನಮ್ಮಲ್ಲಿ ವಾಯ್ಸ್‌ಮೇಲ್ ಬಳಕೆ ಕಡಿಮೆ, ಮಿಸ್ಡ್ ಕಾಲೇ ಸಾಕು. ಇಲ್ಲಿ ಅದೇ ಕೆಲಸಕ್ಕೆ ಕಳ್ಳರು ಹಿಡಿದಿರುವುದು ಕಾಲ್ ಫಾರ್ವರ್ಡಿಂಗ್. ‘ಪಾರ್ಸೆಲ್ ಬಂದಿದೆ, ಹುಡುಗನಿಗೆ ದಾರಿ ಗೊತ್ತಾಗುತ್ತಿಲ್ಲ, ಈ ನಂಬರ್ ಒತ್ತಿ’ ಎಂದು ಸ್ಟಾರ್ 21 ಅಥವಾ ಸ್ಟಾರ್ 401ರಿಂದ ಶುರುವಾಗುವ ಕೋಡೊಂದನ್ನು ಹೇಳುತ್ತಾರೆ. ಒತ್ತಿದವರ ಕರೆಗಳೆಲ್ಲ ಅಂದಿನಿಂದ ಬೇರೊಬ್ಬರ ಫೋನಿಗೆ ತಿರುಗುತ್ತವೆ. ಬ್ಯಾಂಕಿನ ದೃಢೀಕರಣ ಕರೆಯೂ ವಾಟ್ಸ್‌ಆ್ಯಪ್‌ನ ಕೋಡೂ ಅವರ ಕೈಗೇ ಹೋಗುತ್ತದೆ. ಈ ಮೋಸ ಹೆಚ್ಚಾದ ಕಾರಣಕ್ಕೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತು. ಆದರೂ ಅನುಮಾನ ಬಂದಾಗ ಪರೀಕ್ಷಿಸುವುದೇ ಲೇಸು. *#21# ಒತ್ತಿದರೆ ಕರೆಗಳು ಬೇರೆಡೆಗೆ ತಿರುಗಿವೆಯೇ ಎಂಬುದು ತೆರೆಯ ಮೇಲೆ ಕಾಣುತ್ತದೆ. ##002# ಒತ್ತಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಕರೆಯ ಸೆಟ್ಟಿಂಗ್‌ನಲ್ಲೂ ಇದನ್ನು ನೋಡಬಹುದು. ವಾಟ್ಸ್‌ಆ್ಯಪ್‌ಗೆ ಆರಂಕಿಯ ಎರಡನೇ ಪಿನ್ ಹಾಕಿಟ್ಟವರ ಖಾತೆಯನ್ನು ಬರೀ ಕೋಡ್ ಕದ್ದು ತೆರೆಯಲಾಗದು. ಅದೇ ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗೊತ್ತಿಲ್ಲದ ಕಂಪ್ಯೂಟರ್ ಕಂಡರೆ ಅಲ್ಲಿಂದಲೇ ತೆಗೆದುಹಾಕಬೇಕು.

ಹಳ್ಳಿಗಳಿಗೆ ಇದಕ್ಕಿಂತ ಅಪಾಯದ ಬಲೆ ಎಪಿಕೆ, ಅಂದರೆ ಆ್ಯಪ್ ಅಳವಡಿಸುವ ಫೈಲ್. ಪಿಎಂ ಕಿಸಾನ್ ಹೆಸರಿನಲ್ಲೋ, ಆರ್‌ಟಿಒ ದಂಡದ ಚಲನ್ ಎಂದೋ, ಮದುವೆ ಆಮಂತ್ರಣವೆಂದೋ ಅದು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಕಳಿಸಿದವರು ಪರಿಚಯದವರೇ ಆಗಿರಬಹುದು, ಏಕೆಂದರೆ ಅವರ ಫೋನೂ ಅಷ್ಟರಲ್ಲಿ ಕಳ್ಳರ ವಶವಾಗಿರುತ್ತದೆ. ಫೈಲ್ ತೆರೆದರೆ ಆ್ಯಪ್ ಮೊದಲು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ. ‘ಅಲೋ’ ಒತ್ತಿದ ಗಳಿಗೆಯಿಂದ ಒಟಿಪಿಗಳು ಮಾಲೀಕನಿಗೆ ಕಾಣುವ ಹೊತ್ತಿಗೇ ಕಳ್ಳನಿಗೂ ಕಾಣುತ್ತವೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಪರ್ಮಿಷನ್ ಮ್ಯಾನೇಜರ್’ ತೆರೆದು ‘ಎಸ್‌ಎಂಎಸ್’ ಒತ್ತಿದರೆ ಯಾವ ಯಾವ ಆ್ಯಪ್ ನಮ್ಮ ಸಂದೇಶ ಓದುತ್ತಿದೆ ಎಂಬ ಪಟ್ಟಿ ಬರುತ್ತದೆ. ಟಾರ್ಚ್ ಆ್ಯಪ್‌ಗೆ, ಆಟದ ಆ್ಯಪ್‌ಗೆ ಸಂದೇಶ ಓದುವ ಕೆಲಸವೇನಿದೆ? ಅವುಗಳ ಅನುಮತಿ ಕಿತ್ತುಹಾಕಬೇಕು. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರು ಹಿರಿಯರ ಫೋನಿಗೆ ಈ ಒಂದು ಕೆಲಸ ಇಂದೇ ಮಾಡಿಕೊಡಬೇಕು.

ಹಣ ಹೋದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಮೊತ್ತ, ಸಮಯ, ಬ್ಯಾಂಕಿನ ಹೆಸರು, ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ. ಇವೆಲ್ಲ ಇರುವುದು ಬ್ಯಾಂಕಿನ ಎಸ್‌ಎಂಎಸ್‌ನಲ್ಲೇ. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಈ ವ್ಯವಸ್ಥೆ ಇರುವುದರಿಂದ ಬೆಳಗಾಗಲಿ ಎಂದು ಕಾಯುವಂತಿಲ್ಲ. ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ ಬ್ಯಾಂಕಿಗೂ ಬರಹದಲ್ಲಿ ತಿಳಿಸಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ, ಗ್ರಾಹಕರ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ಆದ ಮೋಸವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟದ ಹೊಣೆ ಇಲ್ಲ. ಒಟಿಪಿಯನ್ನು ತಾವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದೇ. ಹಾಗಾಗಿ ನಾಚಿಕೆಯಿಂದ ಮುಚ್ಚಿಡುವ ಒಂದೊಂದು ಗಂಟೆಯೂ ದುಬಾರಿ.

ಹೆಣ್ಣುಮಕ್ಕಳಿಗೆ ಬರುವ ಕಿರುಕುಳದ ಸಂದೇಶಗಳ ವಿಷಯದಲ್ಲಿ ಕಾನೂನು ಅಸ್ಪಷ್ಟವಾಗಿಲ್ಲ. ಬೇಡವೆಂದರೂ ಹಿಂದೆ ಬೀಳುವುದು, ಆಕೆಯ ಫೋನ್-ಇಂಟರ್ನೆಟ್ ಬಳಕೆಯನ್ನು ಗಂಡಸು ಕದ್ದು ಗಮನಿಸುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಬಾರಿಗೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದಾಗಲಿ ಹಂಚುವುದಾಗಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಅಡಿ ಬರುತ್ತದೆ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಬಳಸುವುದಕ್ಕೆ 66ಸಿ ಇದೆ. ದಾವಣಗೆರೆಯಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆ ಇದೆ, ನಿಜ. ಆದರೆ ಜಗಳೂರಿನವರು ಮೊದಲ ದಿನವೇ ಅಲ್ಲಿಗೆ ಓಡಬೇಕೆಂದೇನಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಸಂಜ್ಞೇಯ (ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಇ-ಮೇಲ್‌ನಂಥ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರಹದಲ್ಲಿ ದೂರಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬೇಕು.

ಸ್ಕ್ರೀನ್‌ಶಾಟ್ ತೆಗೆಯುವಾಗ ನಂಬರು, ದಿನಾಂಕ, ಸಮಯ ಮೂರೂ ಕಾಣಬೇಕು. ಮೂಲ ಸಂದೇಶವೂ ಫೋನಿನಲ್ಲೇ ಉಳಿಯಬೇಕು. ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಬೇಕಾಗುತ್ತದೆ, ಅದನ್ನು ಸಿದ್ಧಪಡಿಸಲು ವಕೀಲರ ನೆರವು ಪಡೆಯಬೇಕು. ‘ಡಿಸ್‌ಅಪಿಯರಿಂಗ್ ಮೆಸೇಜ್’ ಸೌಲಭ್ಯ ಖಾಸಗಿತನಕ್ಕೆ ಒಳ್ಳೆಯದೇ ಆದರೂ ಬೆದರಿಕೆ ಹಾಕುವವನ ಚಾಟ್‌ನಲ್ಲಿ ಅದು ಚಾಲೂ ಇದ್ದರೆ ಸಾಕ್ಷ್ಯ ತಾನಾಗಿ ಅಳಿದುಹೋಗುತ್ತದೆ.

ಫೋನ್ ಕೊಡು, ಲಾಕ್ ತೆಗೆ ಎಂದು ಪೊಲೀಸರೇ ಕೇಳಿದರೆ? 2021ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಆರೋಪಿ ತಾನಾಗಿ ಪಾಸ್‌ವರ್ಡ್ ಕೊಡಲು ಒಪ್ಪದಿದ್ದರೆ ಫೋನ್ ಶೋಧಕ್ಕೆ ನ್ಯಾಯಾಲಯದಿಂದ ಸರ್ಚ್ ವಾರಂಟ್ ಪಡೆಯಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ಕಾರಣವನ್ನು ಬರೆದಿಟ್ಟು ಶೋಧಿಸಬಹುದು. ತನಿಖೆಯಲ್ಲಿ ಸಿಕ್ಕ ಖಾಸಗಿ ಮಾಹಿತಿಯನ್ನು ಬೇರೆಯವರಿಗೆ ಹಂಚುವಂತಿಲ್ಲ ಎಂದೂ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಹೇಳಿದರು. ಗಂಡ-ಹೆಂಡತಿಯ ವ್ಯಾಜ್ಯದಲ್ಲಿ ಮೂರನೆಯವರ ಮೊಬೈಲ್ ಟವರ್ ವಿವರ ತರಿಸುವುದು ಆ ಮೂರನೆಯವರ ಖಾಸಗಿತನಕ್ಕೆ ಧಕ್ಕೆ ಎಂದು ಇದೇ ಹೈಕೋರ್ಟ್ 2022ರಲ್ಲಿ ತೀರ್ಪಿತ್ತಿತು.

ಇನ್ನು ಕದ್ದಾಲಿಕೆ. ಅದರ ಬಿಸಿಯನ್ನು ಈ ರಾಜ್ಯ ಚೆನ್ನಾಗಿ ಕಂಡಿದೆ. ಫೋನ್ ಕದ್ದಾಲಿಕೆಯ ಆರೋಪ ಎದ್ದಾಗ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು. ಈಗ 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರ್‌ನ ನಿಯಮಗಳ ಪ್ರಕಾರ, ಸಾಮಾನ್ಯವಾಗಿ ಗೃಹ ಕಾರ್ಯದರ್ಶಿಯ ಲಿಖಿತ ಆದೇಶವಿಲ್ಲದೆ ಯಾರ ಕರೆಯನ್ನೂ ಕದ್ದು ಕೇಳುವಂತಿಲ್ಲ. ಆ ಆದೇಶದ ಆಯಸ್ಸು 60 ದಿನ, ವಿಸ್ತರಿಸಿದರೂ 180 ದಿನ ಮೀರಬಾರದು.

ಫೋನೇ ಕಳೆದುಹೋದರೆ ಠಾಣೆಯಲ್ಲಿ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ಪಡೆದು, ಸಂಚಾರ ಸಾಥಿಯ ಸಿಇಐಆರ್‌ನಲ್ಲಿ ಫೋನಿನ ಗುರುತಾದ ಐಎಂಇಐ ಸಂಖ್ಯೆ ನಮೂದಿಸಿ ಫೋನನ್ನು ಬ್ಲಾಕ್ ಮಾಡಿಸಬೇಕು. *#06# ಒತ್ತಿದರೆ ಆ ಸಂಖ್ಯೆ ಬರುತ್ತದೆ. ಕಳೆದ ಮೇಲೆ ಒತ್ತಲು ಫೋನ್ ಇರುವುದಿಲ್ಲ, ಆದ್ದರಿಂದ ಇಂದೇ ಪಡಿತರ ಚೀಟಿಯ ಹಿಂಬದಿಯಲ್ಲಾದರೂ ಬರೆದಿಡಬೇಕು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದೂ ಅದೇ ಪೋರ್ಟಲ್‌ನಲ್ಲಿ ಸಿಗುತ್ತದೆ. ನಮ್ಮದಲ್ಲದ್ದು ಕಂಡರೆ ಅಲ್ಲೇ ದೂರಬಹುದು.

ಇದಿಷ್ಟನ್ನೂ ಒಬ್ಬರೇ ಮಾಡಲಾಗದವರಿಗೆ ತಾಲ್ಲೂಕು ನ್ಯಾಯಾಲಯಗಳಲ್ಲಿ ಕಾನೂನು ಸೇವಾ ಸಮಿತಿಗಳಿವೆ, ದಾವಣಗೆರೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಲು ಅರ್ಹರು. ಸಹಾಯವಾಣಿ 15100. ಹೋಗುವಾಗ ಫೋನನ್ನು ಹೇಗಿದೆಯೋ ಹಾಗೆಯೇ, ಏನೂ ಅಳಿಸದೆ ಒಯ್ಯಬೇಕು.