ಸಂಭವನೀಯತೆಯ ಮೊದಲ ಪಾಠ

ನಾಣ್ಯದ ಸಿಂಹಮುದ್ರೆಯ ಮಗ್ಗುಲನ್ನು ಶಿರವೆಂದೂ ಬೆಲೆ ಬರೆದ ಮಗ್ಗುಲನ್ನು ಪುಚ್ಛವೆಂದೂ ಕರೆಯೋಣ. ಅದನ್ನು ಎರಡು ಸಲ ಚಿಮ್ಮಿದರೆ, ಒಮ್ಮೆಯಾದರೂ ಶಿರ ಬೀಳುವ ಸಂಭವವೆಷ್ಟು?

1754ರಲ್ಲಿ ಫ್ರಾನ್ಸಿನ ಖ್ಯಾತ ಗಣಿತಜ್ಞ ದಲಾಂಬೇರ್ ವಿಶ್ವಕೋಶವೊಂದರಲ್ಲಿ ಹೀಗೆ ವಾದಿಸಿದನು: ಮೊದಲೇ ಶಿರ ಬಿದ್ದರೆ ಮತ್ತೆ ಚಿಮ್ಮಬೇಕಾಗಿಲ್ಲ. ಆದುದರಿಂದ ಫಲಿತಗಳು ಮೂರೇ: ಶಿರ, ಪುಚ್ಛ–ಶಿರ, ಪುಚ್ಛ–ಪುಚ್ಛ. ಅವುಗಳಲ್ಲಿ ಎರಡು ಅನುಕೂಲ, ಉತ್ತರ 2/3.

ವಾದವು ಸೊಗಸಾಗಿದೆ; ಉತ್ತರ ಮಾತ್ರ ತಪ್ಪು. ಅನುಕೂಲ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಿದರೆ ಸಂಭವನೀಯತೆ ದೊರೆಯುವುದು ದಿಟ. ಆದರೆ ಆ ಫಲಿತಗಳೆಲ್ಲವೂ ಸಮಸಂಭವನೀಯವಾಗಿರಬೇಕು. ಇಲ್ಲಿ ಮೊದಲನೆಯದರ ಸಂಭವ 1/2. ಉಳಿದೆರಡರದು ತಲಾ 1/4. ಅಸಮವಾದುವನ್ನು ಸಮವೆಂದು ಎಣಿಸಿದುದೇ ದೋಷ. ಎರಡು ಸಲವೂ ಚಿಮ್ಮಿದಂತೆ ಬರೆಯಿರಿ: ಶಿರ–ಶಿರ, ಶಿರ–ಪುಚ್ಛ, ಪುಚ್ಛ–ಶಿರ, ಪುಚ್ಛ–ಪುಚ್ಛ. ನಾಲ್ಕರಲ್ಲಿ ಮೂರು ಅನುಕೂಲ; ಉತ್ತರ 3/4.

ಮನೆಯಲ್ಲಿ ಈ ಆಟವನ್ನು 200 ಸಲ ಆಡಿ ಗುರುತು ಹಾಕಿರಿ. ಗೆಲವುಗಳು ಸಾಮಾನ್ಯವಾಗಿ 133ಕ್ಕಿಂತ 150ಕ್ಕೇ ಹತ್ತಿರವಾಗಿರುವುವು. ದೊಡ್ಡ ಪಂಡಿತನೇ ಹೇಳಲಿ, ನಿಮ್ಮ ಗುರುವಾದ ನಾನೇ ಹೇಳಲಿ, ಎಣಿಸಿ ನೋಡಿಯೇ ಒಪ್ಪಿರಿ.