ಅಚ್ಚು ಕೊರೆಸುವ ಮುನ್ನ ಓದಬೇಕಾದ ವಿನ್ಯಾಸ ಕೃತಿಗಳು

ಹೊಸ ಉತ್ಪನ್ನದ ಅಚ್ಚು ಸಿದ್ಧವಾಗಿ, ಸರಕು ಮಾರುಕಟ್ಟೆ ತಲುಪಿದ ಮೇಲೆ ಅದರ ಹಿಡಿ ಕೈಗೆ ಒತ್ತುತ್ತದೆಂದು ತಿಳಿದರೆ ಸಣ್ಣ ಉದ್ಯಮಿಗೆ ಆಗುವ ನಷ್ಟ ಅಲ್ಪವಲ್ಲ. ಕಾಗದದ ಮೇಲಿನ ದೋಷವನ್ನು ಅಳಿಸಬಹುದು. ಉಕ್ಕಿನಲ್ಲಿ ಕೊರೆದ ದೋಷವನ್ನು ತಿದ್ದಲು ಹಣ ಮತ್ತು ಕಾಲ ಎರಡೂ ವ್ಯಯವಾಗುತ್ತವೆ. ವಿನ್ಯಾಸವೆಂದರೆ ಕೊನೆಯಲ್ಲಿ ಬಳಿಯುವ ಬಣ್ಣವೆಂಬ ಭಾವನೆಯೇ ಇಂತಹ ನಷ್ಟಕ್ಕೆ ಅನೇಕ ಬಾರಿ ಕಾರಣವಾಗುತ್ತದೆ. ವಿನ್ಯಾಸಕಾರರು ಅಭ್ಯಸಿಸುವ ಮೂರು ಕೃತಿಗಳು ಹಾಗೂ ಒಂದು ಕಾಯ್ದೆ ಉದ್ಯಮಿಗಳಿಗೂ ಉಪಯುಕ್ತವಾಗಿವೆ.

1. ದಿ ಇಂಡಿಯಾ ರಿಪೋರ್ಟ್ (1958)

ಭಾರತ ಸರ್ಕಾರದ ಕೋರಿಕೆಯ ಮೇರೆಗೆ ಅಮೆರಿಕದ ವಿನ್ಯಾಸಕಾರ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಸಿದ್ಧಪಡಿಸಿದ ಚಿಕ್ಕ ವರದಿಯಿದು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಗಲು ಇದು ತಳಹದಿಯಾಯಿತು. ಉತ್ತರ ಭಾರತದಲ್ಲಿ ಲೋಟಾ ಎಂದೂ ನಮ್ಮಲ್ಲಿ ತಂಬಿಗೆ ಎಂದೂ ಕರೆಯುವ ಪಾತ್ರೆಯನ್ನು ಲೇಖಕರು ಇದರಲ್ಲಿ ಪರಿಶೀಲಿಸುತ್ತಾರೆ. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದಲ್ಲೋ ಹೇಗೆ ಹೊರಬೇಕು, ತುಂಬಿದಾಗ ಮತ್ತು ಬರಿದಾದಾಗ ಭಾರ ಎಲ್ಲಿ ನಿಲ್ಲುತ್ತದೆ, ಒಳಭಾಗವನ್ನು ತೊಳೆಯಲು ಕೈ ಹೋಗುತ್ತದೆಯೇ, ಹಳೆಯದಾದ ಮೇಲೆ ಲೋಹಕ್ಕೆ ಎಷ್ಟು ಬೆಲೆ ಬರುತ್ತದೆ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಯಾವುದೇ ಉತ್ಪನ್ನಕ್ಕೂ ಇಂತಹ ಪ್ರಶ್ನಾವಳಿಯನ್ನು ರೂಪಿಸಿಕೊಳ್ಳಬಹುದು.

2. ದಿ ಡಿಸೈನ್ ಆಫ್ ಎವೆರಿಡೇ ಥಿಂಗ್ಸ್

ಡೊನಾಲ್ಡ್ ನಾರ್ಮನ್ ಅವರ ಈ ಗ್ರಂಥ 1988ರಲ್ಲಿ ಬೇರೊಂದು ಶೀರ್ಷಿಕೆಯಲ್ಲಿ ಪ್ರಕಟವಾಯಿತು. ಪರಿಷ್ಕೃತ ಆವೃತ್ತಿ 2013ರಲ್ಲಿ ಬಂದಿತು. ಒಲೆಯ ನಾಲ್ಕು ಉರಿಗಳು ಚೌಕಾಕಾರದಲ್ಲಿದ್ದು ತಿರುಪುಗಳು ಒಂದೇ ಸಾಲಿನಲ್ಲಿದ್ದರೆ, ಯಾವ ತಿರುಪು ಯಾವ ಉರಿಯದೆಂಬ ಗೊಂದಲ ಸಹಜ. ಬಳಕೆದಾರರು ಮತ್ತೆ ಮತ್ತೆ ತಪ್ಪುತ್ತಿದ್ದರೆ ದೋಷವನ್ನು ವಸ್ತುವಿನಲ್ಲಿಯೇ ಹುಡುಕಬೇಕೆಂಬುದು ಈ ಗ್ರಂಥದ ಸಾರ. ಗ್ರಾಹಕರ ದೂರುಗಳನ್ನು ಅಜ್ಞಾನವೆಂದು ತಳ್ಳಿಹಾಕುವವರು ಇದನ್ನು ಮೊದಲು ಓದಬೇಕು.

3. ಡಿಸೈನ್ ಫಾರ್ ದಿ ರಿಯಲ್ ವರ್ಲ್ಡ್

1971ರಲ್ಲಿ ಇಂಗ್ಲಿಷ್‌ನಲ್ಲಿ ಪ್ರಕಟವಾದ ವಿಕ್ಟರ್ ಪಾಪನೆಕ್ ಅವರ ಈ ಕೃತಿ, ವಸ್ತು ಯಾರಿಗಾಗಿ ಎಂಬ ಪ್ರಶ್ನೆಯನ್ನು ಎತ್ತುತ್ತದೆ. ಬಳಸಿ ಬಿಸಾಡಿದ ಡಬ್ಬಿಯಲ್ಲಿ ರೂಪಿಸಿದ, ಮೇಣದ ಶಾಖದಿಂದ ನಡೆಯುವ ರೇಡಿಯೋ ಇದರಲ್ಲಿನ ಪ್ರಸಿದ್ಧ ಉದಾಹರಣೆ. ಅದರ ಹೊರಮೈಯನ್ನು ಅಲಂಕರಿಸುವ ಕೆಲಸವನ್ನು ಬಳಸುವವರಿಗೇ ಬಿಡಲಾಗಿತ್ತು. ಲೇಖಕರ ಎಲ್ಲ ಟೀಕೆಗಳನ್ನೂ ವ್ಯಾಪಾರಿಗಳು ಒಪ್ಪಬೇಕಾಗಿಲ್ಲ. ಆದರೆ ದೊಡ್ಡ ಸಂಸ್ಥೆಗಳು ಕಡೆಗಣಿಸಿದ ಗ್ರಾಹಕರನ್ನು ಗುರುತಿಸುವ ದೃಷ್ಟಿ ಸಣ್ಣ ಉದ್ಯಮಕ್ಕೆ ಲಾಭದಾಯಕ.

4. ವಿನ್ಯಾಸಗಳ ಕಾಯ್ದೆ, 2000

ಉತ್ತಮ ವಿನ್ಯಾಸ ರೂಪುಗೊಂಡ ಮೇಲೆ ಅದನ್ನು ಉಳಿಸಿಕೊಳ್ಳಬೇಕು. ಈ ಕಾಯ್ದೆ ಕಣ್ಣಿಗೆ ಕಾಣುವ ಆಕಾರ, ಚಿತ್ತಾರ, ವರ್ಣ ಸಂಯೋಜನೆಗಳಿಗೆ ಅನ್ವಯಿಸುತ್ತದೆ. ಯಾಂತ್ರಿಕ ಕಾರ್ಯವಿಧಾನಕ್ಕೆ ಅಲ್ಲ. ನೋಂದಣಿಯ ರಕ್ಷಣೆ ಮೊದಲಿಗೆ 10 ವರ್ಷ. ಬಳಿಕ 5 ವರ್ಷ ವಿಸ್ತರಿಸಬಹುದು. ಅರ್ಜಿಗೆ ಮುನ್ನವೇ ವಿನ್ಯಾಸ ಬಹಿರಂಗವಾದರೆ ನೋಂದಣಿಯ ಹಕ್ಕು ಕೈತಪ್ಪುವ ಅಪಾಯವಿದೆ. ಸರ್ಕಾರ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ ಷರತ್ತಿನ ವಿನಾಯಿತಿಯಿದ್ದು, ನಿಯಂತ್ರಕರಿಗೆ ಮುಂಚಿತವಾಗಿ ತಿಳಿಸಿ, ಮೊದಲ ಪ್ರದರ್ಶನದಿಂದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ಆದುದರಿಂದ ಅರ್ಜಿ ಮೊದಲು, ಮೇಳದ ಮಳಿಗೆ ಅನಂತರ ಎಂಬ ಕ್ರಮವೇ ಕ್ಷೇಮಕರ.

ಓದುವ ಕ್ರಮ

ಸಮಯದ ಅಭಾವವಿರುವವರು ಈಮ್ಸ್ ವರದಿಯಿಂದ ಆರಂಭಿಸಬಹುದು. ಓದುವಾಗ ತಮ್ಮದೇ ಉತ್ಪನ್ನವೊಂದನ್ನೂ, ಗ್ರಾಹಕರು ಹಿಂದಿರುಗಿಸಿದ ಸರಕಿನ ಲೆಕ್ಕವನ್ನೂ ಮೇಜಿನ ಮೇಲೆ ಇಟ್ಟುಕೊಳ್ಳುವುದು ಒಳಿತು. ತರುವಾಯ, ಆ ವಸ್ತುವನ್ನು ಹಿಂದೆಂದೂ ಕಾಣದ ವ್ಯಕ್ತಿಗೆ ಯಾವ ವಿವರಣೆಯನ್ನೂ ನೀಡದೆ ಬಳಸಲು ಕೊಟ್ಟು, ಅವರ ಕೈ ಎಲ್ಲಿ ತಡವರಿಸುತ್ತದೆಂದು ಗುರುತು ಹಾಕಿಕೊಳ್ಳಬೇಕು. ಮುಂದಿನ ಅಚ್ಚಿನಲ್ಲಿ ಮೊದಲು ತಿದ್ದಬೇಕಾದ ಸ್ಥಳ ಅದೇ.